ಮೂರು ಬಾಗಿಲಿನ ಒಗಟು: ತೆರೆದವನಿಗೆ ಗೊತ್ತಿತ್ತೋ, ಗೊತ್ತಿರಲಿಲ್ಲವೋ?

ಲೆಕ್ಕದ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಗೆ ಸಂಭವನೀಯತೆ ಪಾಠ ಮುಗಿಸುವಾಗ ನಾನು ಮಕ್ಕಳಿಗೆ ಒಂದು ಒಗಟು ಕೊಡುತ್ತೇನೆ. ದಾಳ, ನಾಣ್ಯ, ಚೀಲದೊಳಗಿನ ಕೆಂಪು ನೀಲಿ ಚೆಂಡುಗಳು ಸೂತ್ರಕ್ಕೆ ಸುಲಭವಾಗಿ ಒಗ್ಗುತ್ತವೆ. ಇದಕ್ಕೆ ಮಾತ್ರ ಇಡೀ ತರಗತಿ ಎರಡು ಬಣವಾಗುತ್ತದೆ. ಇಲ್ಲೂ ಚರ್ಚೆ ಆಗಲಿ.

ಮೂರು ಮುಚ್ಚಿದ ಬಾಗಿಲುಗಳು. ಒಂದರ ಹಿಂದೆ ಕಾರು, ಉಳಿದೆರಡರ ಹಿಂದೆ ಒಂದೊಂದು ಮೇಕೆ. ನೀವು ಒಂದು ಬಾಗಿಲನ್ನು ಆರಿಸುತ್ತೀರಿ, ಅದನ್ನು ಇನ್ನೂ ತೆರೆಯುವುದಿಲ್ಲ. ಕಾರು ಎಲ್ಲಿದೆ ಎಂದು ನಿರೂಪಕನಿಗೆ ಗೊತ್ತು. ನೀವು ಯಾವುದನ್ನೇ ಆರಿಸಿದ್ದರೂ ಉಳಿದೆರಡರಲ್ಲಿ ಮೇಕೆ ಇರುವ ಒಂದನ್ನು ಅವನು ತೆರೆದು ತೋರಿಸಲೇಬೇಕು, ಅದು ಆಟದ ನಿಯಮ. ಎರಡರ ಹಿಂದೆಯೂ ಮೇಕೆ ಇದ್ದರೆ ಟಾಸ್ ಹಾಕಿ ಒಂದನ್ನು ತೆರೆಯುತ್ತಾನೆ. ಆಮೇಲೆ ಕೇಳುತ್ತಾನೆ: "ನಿಮ್ಮ ಬಾಗಿಲನ್ನೇ ಇಟ್ಟುಕೊಳ್ಳುತ್ತೀರೋ, ಇನ್ನೊಂದಕ್ಕೆ ಬದಲಾಯಿಸುತ್ತೀರೋ?"

ಅಮೆರಿಕದ 'ಲೆಟ್ಸ್ ಮೇಕ್ ಎ ಡೀಲ್' ಎಂಬ ಟಿವಿ ಆಟದಿಂದ ಹುಟ್ಟಿದ ಒಗಟು ಇದು. ಆ ಆಟದ ನಿರೂಪಕರು ಮಾಂಟಿ ಹಾಲ್, ಒಗಟಿಗೂ ಅವರದೇ ಹೆಸರು ಅಂಟಿಕೊಂಡಿದೆ. 1975ರಲ್ಲಿ ಸ್ಟೀವ್ ಸೆಲ್ವಿನ್ ಎಂಬ ಸಂಖ್ಯಾಶಾಸ್ತ್ರಜ್ಞರು ಇದನ್ನು ಮೊದಲು ಪ್ರಕಟಿಸಿದರು. 1990ರ ಸೆಪ್ಟೆಂಬರಿನಲ್ಲಿ ಮೆರಿಲಿನ್ ವೊಸ್ ಸಾವಂತ್ 'ಪರೇಡ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಇದಕ್ಕೆ ಉತ್ತರ ಕೊಟ್ಟಾಗ ಸುಮಾರು ಹತ್ತು ಸಾವಿರ ಕಾಗದಗಳು ಬಂದವು. ಅವರ ಉತ್ತರ ತಪ್ಪು ಎಂದವರೇ ಹೆಚ್ಚು, ಹಾಗೆಂದವರಲ್ಲಿ ಪಿಎಚ್‌ಡಿ ಆದವರೂ ಬಹಳ ಮಂದಿ. ಸರಿಯಾಗಿ ಹೇಳಿದ್ದ ಹೆಣ್ಣುಮಗಳೊಬ್ಬಳಿಗೆ ಅಷ್ಟು ವಿದ್ವಾಂಸರು ಅಷ್ಟು ಗಡುಸಾಗಿ ಬರೆದರಲ್ಲ ಎಂದು ನನಗೆ ಈಗಲೂ ಬೇಸರ.

ಉತ್ತರ ಗೊತ್ತಿರುವವರು ದಯವಿಟ್ಟು ಬರೀ ಉತ್ತರ ಬರೆಯಬೇಡಿ. ಕಾರಣ ಬೇಕು.

ಹಾಸನದ ಹುಡುಗ:
ಮೇಷ್ಟ್ರೇ, ಒಂದು ಬಾಗಿಲು ಹೋಯಿತು, ಎರಡು ಉಳಿದವು. ಒಂದರಲ್ಲಿ ಕಾರು, ಒಂದರಲ್ಲಿ ಮೇಕೆ. ಅರ್ಧಕ್ಕರ್ಧ ಅಲ್ಲದೆ ಇನ್ನೇನಾಗುತ್ತದೆ? ಆ ಹೊತ್ತಿಗೆ ಸರಿಯಾಗಿ ಯಾರೋ ಹೊಸಬರು ಒಳಗೆ ಬಂದು ನೋಡಿದರು ಅಂತಿಟ್ಟುಕೊಳ್ಳಿ. ಅವರಿಗೆ ಎರಡು ಬಾಗಿಲೂ ಒಂದೇ. ನನಗೆ ಮಾತ್ರ ಅದು ಬೇರೆ ಹೇಗೆ?

ಕೋಡ್ ಕಮಲ:
ಹೊಸಬರಿಗೆ ಎರಡೂ ಒಂದೇ, ಸರಿ. ಅವರು ನಡೆದದ್ದನ್ನು ನೋಡಿಲ್ಲ. ನೀವು ನೋಡಿದ್ದೀರಿ, ವ್ಯತ್ಯಾಸ ಅಲ್ಲೇ ಇರುವುದು. ಕಾರು ಎಲ್ಲಿದೆ ಅನ್ನುವುದು ಬದಲಾಗಿಲ್ಲ, ನಿಮಗೆ ಗೊತ್ತಿರುವುದು ಅವರಿಗೆ ಗೊತ್ತಿರುವುದಕ್ಕಿಂತ ಜಾಸ್ತಿ.

ಯಾವಾಗಲೂ ಬದಲಾಯಿಸುತ್ತೇನೆ ಎಂದು ಮೊದಲೇ ನಿರ್ಧರಿಸಿಕೊಂಡು ಆಟಕ್ಕೆ ಹೋಗಿ. ಮೊದಲು ಕಾರಿನ ಬಾಗಿಲನ್ನೇ ಆರಿಸಿದ್ದರೆ ಬದಲಾಯಿಸಿ ಸೋಲುತ್ತೀರಿ. ಮೊದಲು ಮೇಕೆಯನ್ನು ಆರಿಸಿದ್ದರೆ ಇನ್ನೊಂದು ಮೇಕೆಯನ್ನು ನಿರೂಪಕನೇ ತೆಗೆದುಹಾಕಿರುತ್ತಾನೆ, ಉಳಿದ ಬಾಗಿಲಲ್ಲಿ ಕಾರಲ್ಲದೆ ಬೇರೇನೂ ಇರಲು ಸಾಧ್ಯವಿಲ್ಲ. ಅಂದರೆ ಮೊದಲ ಸಲ ಮೇಕೆ ಸಿಕ್ಕಾಗಲೆಲ್ಲ ನೀವು ಗೆಲ್ಲುತ್ತೀರಿ. ಮೂರರಲ್ಲಿ ಎರಡು ಮೇಕೆ. ಬದಲಾಯಿಸಿದರೆ 2/3, ಬದಲಾಯಿಸದಿದ್ದರೆ 1/3.

ಪಾಲ್ ಎರ್ಡಿಶ್ ಅವರಂಥ ಮಹಾ ಗಣಿತಜ್ಞರೇ ಇದನ್ನು ಕೂಡಲೇ ಒಪ್ಪಲಿಲ್ಲ. ಗೆಳೆಯ ಆಂಡ್ರ್ಯೂ ವಾಝೊನಿ ಕಂಪ್ಯೂಟರಿನಲ್ಲಿ ಆಟವನ್ನು ಮತ್ತೆ ಮತ್ತೆ ಆಡಿಸಿ ತೋರಿಸಿದ ಮೇಲೆ ಒಪ್ಪಿದರು. ನೀವೂ ಇಸ್ಪೀಟ್ ಕಟ್ಟಿನಿಂದ ಒಂದು ಎಕ್ಕ, ಎರಡು ಗುಲಾಮ ತೆಗೆದು ಮನೆಯಲ್ಲಿ ಯಾರ ಜೊತೆಗಾದರೂ ಆಡಿ ನೋಡಿ. ನಿರೂಪಕರ ಕೆಲಸ ನೀವೇ ಮಾಡಿ. ಎಲೆ ತಿರುಗಿಸುವ ಹೊತ್ತಿಗೆ ಹೆಚ್ಚಿನ ಸಲ ನಿಮಗೆ ಆಯ್ಕೆಯೇ ಇರುವುದಿಲ್ಲ, ಎಕ್ಕವನ್ನು ಬಿಟ್ಟು ಇನ್ನೊಂದನ್ನೇ ತಿರುಗಿಸಬೇಕಾಗುತ್ತದೆ. ಅದು ಕೈಗೆ ಗೊತ್ತಾದರೆ ತಲೆಗೂ ಗೊತ್ತಾಗುತ್ತದೆ.

ಹಾಸನದ ಹುಡುಗ:
ಕಮಲಕ್ಕ, ಲೆಕ್ಕ ಹಿಡಿಯಿತು. ಆದರೆ ಒಂದು ಕೊರೆಯುತ್ತಿದೆ. ನಿರೂಪಕ ನಡೆದು ಬರುವಾಗ ಕಾಲು ಜಾರಿ ನಾನು ಆರಿಸದ ಒಂದು ಬಾಗಿಲಿನ ಮೇಲೆ ಬಿದ್ದ, ಅದು ತೆರೆದುಕೊಂಡಿತು, ಒಳಗೆ ಮೇಕೆ. ನನ್ನ ಕಣ್ಣಿಗೆ ಬಿದ್ದದ್ದು ಅದೇ ಮೇಕೆ, ಅದೇ ಎರಡು ಬಾಗಿಲು. ಆಗಲೂ ಬದಲಾಯಿಸಿದರೆ 2/3 ಬರುತ್ತದೆಯೇ?

ಲೆಕ್ಕದ ಮೇಷ್ಟ್ರು:
ಈ ಪ್ರಶ್ನೆಗಾಗಿಯೇ ನಾನು ಕಾಯುತ್ತಿದ್ದದ್ದು. ಬರುವುದಿಲ್ಲ. ಆಗ ನೀವು ಮೊದಲು ಹೇಳಿದ ಅರ್ಧಕ್ಕರ್ಧವೇ ಸರಿ.

ಒಂದನೇ ಬಾಗಿಲು ನಿಮ್ಮದು ಎನ್ನಿ. ಕಾರು ಒಂದರಲ್ಲಿ, ಎರಡರಲ್ಲಿ, ಮೂರರಲ್ಲಿ ಇರುವ ಸಾಧ್ಯತೆಗಳು ಸಮಾನ. ಅವನು ಬೀಳುವುದು ಎರಡರ ಮೇಲೋ ಮೂರರ ಮೇಲೋ, ಅದೂ ಸಮಾನ. ಒಟ್ಟು ಆರು ಸಂದರ್ಭ. ಅದರಲ್ಲಿ ಎರಡರಲ್ಲಿ ಕಾರೇ ಬಯಲಾಗಿ ಆಟ ಕೆಡುತ್ತದೆ. ನಮ್ಮ ಕಣ್ಣಿಗೆ ಮೇಕೆ ಬಿದ್ದದ್ದರಿಂದ ಆ ಎರಡು ನಡೆದಿಲ್ಲ ಎಂದು ಗೊತ್ತು. ಉಳಿದದ್ದು ನಾಲ್ಕು: ಎರಡರಲ್ಲಿ ಕಾರು ನಿಮ್ಮ ಬಾಗಿಲಲ್ಲಿ, ಎರಡರಲ್ಲಿ ಇನ್ನೊಂದರಲ್ಲಿ.

ಗೊತ್ತಿದ್ದು ತೆರೆಯುವವನ ಆಟದಲ್ಲಿ ಆ ಎರಡು ಕೆಟ್ಟ ಸಂದರ್ಭಗಳು ಹುಟ್ಟುವುದೇ ಇಲ್ಲ. ಕಾರು ಎರಡರಲ್ಲಿದ್ದರೆ ಅವನು ಮೂರಕ್ಕೆ ಹೋಗುತ್ತಾನೆ, ಮೂರರಲ್ಲಿದ್ದರೆ ಎರಡಕ್ಕೆ. ಹಾಳಾಗಬೇಕಿದ್ದ ಆಟಗಳೆಲ್ಲ ನೀವು ಬದಲಾಯಿಸಿ ಗೆಲ್ಲುವ ಆಟಗಳಾಗುತ್ತವೆ. ಆದ್ದರಿಂದ ಆರರಲ್ಲಿ ನಾಲ್ಕು.

ಕಂಡದ್ದು ಒಂದೇ ಆದರೂ ಉತ್ತರ ಬೇರೆ. ಅದು ಯಾವ ದಾರಿಯಿಂದ ನಮ್ಮ ಕಣ್ಣಿಗೆ ಬಿತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಗಟು ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ವಾಕ್ಯವೂ ಅದೇ. "ನಿರೂಪಕ ಒಂದು ಬಾಗಿಲು ತೆರೆದ, ಮೇಕೆ ಕಂಡಿತು" ಎಂದಷ್ಟೇ ಹೇಳಿ 2/3 ಎಂದು ಸಾಧಿಸಿದರೆ ಅದು ನ್ಯಾಯವಲ್ಲ.

ಧಾರವಾಡದವ:
ಮೇಷ್ಟ್ರ, ಇನ್ನೊಂದು ನಮೂನಿ ನಿರೂಪಕ ಇರಬಹುದು ನೋಡ್ರಿ. ನಾ ಮೊದಲ ಕಾರ್ ಇರೋ ಬಾಗಲಾ ಆರಿಸಿದ್ರ ಅಷ್ಟ ಅಂವ ಇನ್ನೊಂದ್ ಬಾಗಲಾ ತಗದು "ಬದಲ್ ಮಾಡ್ತೀರೇನ್ರಿ" ಅಂತ ಕೇಳ್ತಾನ. ಮ್ಯಾಕಿ ಆರಿಸಿದ್ರ ಕೇಳೂದ ಇಲ್ಲ, ಮ್ಯಾಕಿ ಕೊಟ್ಟು ಕಳಸ್ತಾನ. ಅಂಥಾವನ ಮುಂದ ಬದಲ್ ಮಾಡಿದ್ರ ಪ್ರತಿ ಸಲಾನೂ ಸೋಲ.

ಇದು ಬರೇ ಕಲ್ಪನಾ ಅಲ್ಲ. 1991ರಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜಾನ್ ಟಿಯರ್ನಿ ಅವರು ಮಾಂಟಿ ಹಾಲ್ ಅವರ ಮನಿಗೇ ಹೋಗಿ ಈ ಆಟ ಆಡಿದ್ರು. ಬಾಗಲಾ ತಗೀಲೇಬೇಕು ಅನ್ನೋ ನಿಯಮ ಇರದಿದ್ರ ಆಟ ಪೂರ್ತಿ ನಿರೂಪಕನ ಕೈಯಾಗ ಇರ್ತದ ಅನ್ನೂದನ್ನ ಹಾಲ್ ಅವ್ರ ಆಡಿಸಿ ತೋರಿಸಿದ್ರು. ಅಷ್ಟು ವರ್ಷ ವೇದಿಕಿ ಮ್ಯಾಲ ಜನರ ಮುಖ ನೋಡಿದ ಮನಷ್ಯಾ, ಒಗಟಿನಾಗಿನ ಸಂದು ಅವರಿಗೆ ಥಟ್ ಅಂತ ಕಂಡಿತ್ತು.

ಕರಾವಳಿ ಓದುಗಿ:
ಇದರ ಅಜ್ಜನಂಥ ಒಂದು ಒಗಟು ಫ್ರಾನ್ಸಿನದು. 1889ರಲ್ಲಿ ಜೋಸೆಫ್ ಬರ್ಟ್ರಾಂಡ್ ಕೊಟ್ಟದ್ದು. ಮೂರು ಪೆಟ್ಟಿಗೆಗಳು. ಒಂದರಲ್ಲಿ ಎರಡು ಚಿನ್ನದ ನಾಣ್ಯ, ಒಂದರಲ್ಲಿ ಎರಡು ಬೆಳ್ಳಿಯವು, ಇನ್ನೊಂದರಲ್ಲಿ ಒಂದು ಚಿನ್ನ ಒಂದು ಬೆಳ್ಳಿ. ನೋಡದೆ ಒಂದು ಪೆಟ್ಟಿಗೆಗೆ ಕೈ ಹಾಕಿ ಒಂದು ನಾಣ್ಯ ತೆಗೆದಿರಿ, ಚಿನ್ನ ಬಂತು. ಅದೇ ಪೆಟ್ಟಿಗೆಯ ಇನ್ನೊಂದೂ ಚಿನ್ನವಾಗಿರುವ ಸಂಭವನೀಯತೆ ಎಷ್ಟು?

ಹೆಚ್ಚಿನವರು ಬೆಳ್ಳಿ-ಬೆಳ್ಳಿ ಪೆಟ್ಟಿಗೆ ಹೋಯಿತು, ಎರಡು ಉಳಿಯಿತು, ಅರ್ಧ ಎನ್ನುತ್ತಾರೆ. ಎಣಿಸಬೇಕಾದದ್ದು ಪೆಟ್ಟಿಗೆಗಳನ್ನಲ್ಲ, ನಾಣ್ಯಗಳನ್ನು. ನಿಮ್ಮ ಕೈಗೆ ಬಂದದ್ದು ಮೂರು ಚಿನ್ನದ ನಾಣ್ಯಗಳಲ್ಲಿ ಒಂದು. ಮೂರರಲ್ಲಿ ಎರಡಕ್ಕೆ ಜೊತೆಗಾರ ಚಿನ್ನ. ಉತ್ತರ 2/3. ಮೂರು ರಟ್ಟಿನ ಚೂರುಗಳಿಗೆ ಎರಡೂ ಬದಿ ಬಣ್ಣ ಹಚ್ಚಿ ಮಕ್ಕಳೊಟ್ಟಿಗೆ ಇದನ್ನು ಆಡಬಹುದು. ನಮ್ಮ ಮನೆಯಲ್ಲಿ ಮಕ್ಕಳಿಗೆ ಬಾಗಿಲಿಗಿಂತ ಇದು ಬೇಗ ಅರ್ಥವಾಯಿತು.

ಮೈಸೂರು ಓದುಗ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹುಟ್ಟುಹಬ್ಬದ ಒಗಟನ್ನು ಯಾರೂ ಎತ್ತಲಿಲ್ಲವಲ್ಲ? ಒಂದು ಕೋಣೆಯಲ್ಲಿ 23 ಜನ ಇದ್ದರೆ ಸಾಕು, ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವನೀಯತೆ 50.7 ಶೇಕಡಾ. 23 ಕಡಿಮೆ ಅನ್ನಿಸುವುದು ನಾವು ಜನರನ್ನು ಎಣಿಸುವುದರಿಂದ. ಇಲ್ಲಿ ಎಣಿಸಬೇಕಾದದ್ದು ಜೋಡಿಗಳನ್ನು: 23ನ್ನು 22ರಿಂದ ಗುಣಿಸಿ 2ರಿಂದ ಭಾಗಿಸಿದರೆ 253 ಜೋಡಿ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಆರಿಸುವ ಬಗೆ ಎಷ್ಟು ಎಂಬುದಕ್ಕೆ ಸಾಮಾನ್ಯ ನಿಯಮವನ್ನು ಒಂಬತ್ತನೇ ಶತಮಾನದಲ್ಲಿ, ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟಿದ್ದಾರೆ. ಪಿಯುಸಿಯಲ್ಲಿ ವಿಕಲ್ಪಗಳ ಪಾಠ ಮಾಡುವಾಗ ಆ ಹೆಸರನ್ನು ಒಮ್ಮೆಯಾದರೂ ಹೇಳಬೇಕು ಎಂಬುದು ನನ್ನ ಆಸೆ.

ಹಾಸನದ ಹುಡುಗ:
ಸರ್, ನಮ್ಮ ತರಗತಿಯಲ್ಲಿ 60 ಜನ ಇದ್ದೆವು, ನನ್ನ ಹುಟ್ಟುಹಬ್ಬದ ದಿನ ಹುಟ್ಟಿದವರು ಒಬ್ಬರೂ ಇರಲಿಲ್ಲ!

ಮೈಸೂರು ಓದುಗ:
ಅದು ಬೇರೆ ಪ್ರಶ್ನೆ. ಯಾರೋ ಇಬ್ಬರು ಹೊಂದುವುದು ಬೇರೆ, ನಿಮ್ಮ ಜೊತೆಗೇ ಹೊಂದುವುದು ಬೇರೆ. ನಿಮ್ಮ ದಿನಕ್ಕೇ ಹೊಂದುವ ಒಬ್ಬರಾದರೂ ಸಿಗಲು ಅರ್ಧದಷ್ಟು ಅವಕಾಶ ಬೇಕೆಂದರೆ ನಿಮ್ಮನ್ನು ಬಿಟ್ಟು 253 ಜನ ಬೇಕು. ಅಲ್ಲೂ ಅದೇ 253 ಬರುವುದು ನೋಡಿ ಖುಷಿಯಾಗುತ್ತದೆ: ಅರ್ಧ ದಾಟಲು ಹೆಚ್ಚುಕಮ್ಮಿ ಅಷ್ಟು ಹೋಲಿಕೆಗಳು ಬೇಕು, ಅವು 23 ಜನರೊಳಗಿನ ಜೋಡಿಗಳಾದರೂ ಸರಿ, ನಿಮ್ಮೊಬ್ಬರ ಜೊತೆಗಿನ ಜೋಡಿಗಳಾದರೂ ಸರಿ.

ಮಲೆನಾಡಿಗ:
ಮೇಷ್ಟ್ರು ಹೇಳಿದ "ಯಾವ ದಾರಿಯಿಂದ" ಎಂಬ ಮಾತು ನನಗೆ ಎರಡು ಮಕ್ಕಳ ಒಗಟಿನಲ್ಲಿ ಬಹಳ ದಿನದಿಂದ ಕಾಡುತ್ತಿದೆ. ಮಾರ್ಟಿನ್ ಗಾರ್ಡ್ನರ್ 1959ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಅಂಕಣದಲ್ಲಿ ಕೇಳಿದ್ದು: ಒಬ್ಬರಿಗೆ ಇಬ್ಬರು ಮಕ್ಕಳು, ಒಬ್ಬನಾದರೂ ಗಂಡು. ಇಬ್ಬರೂ ಗಂಡಾಗಿರುವ ಸಂಭವನೀಯತೆ? ಗಂಡು-ಗಂಡು, ಗಂಡು-ಹೆಣ್ಣು, ಹೆಣ್ಣು-ಗಂಡು ಮೂರು ಉಳಿಯುತ್ತವೆ, ಆದ್ದರಿಂದ 1/3 ಎಂದು ಹೇಳುತ್ತಾರೆ. ಆದರೆ ಪಕ್ಕದ ಮನೆಗೆ ಇಬ್ಬರು ಮಕ್ಕಳಿರುವವರು ಬಂದಿದ್ದಾರೆ, ಅಂಗಳದಲ್ಲಿ ಒಬ್ಬ ಹುಡುಗ ಆಡುತ್ತಿರುವುದು ಕಂಡಿತು ಎನ್ನಿ. ಒಳಗಿರುವ ಮಗುವೂ ಗಂಡಾಗಿರುವ ಸಂಭವನೀಯತೆ 1/3 ಎಂದರೆ ನನ್ನ ಮನಸ್ಸು ಒಪ್ಪುವುದೇ ಇಲ್ಲ.

ಕೋಡ್ ಕಮಲ:
ಒಪ್ಪಬೇಡಿ. ಅಲ್ಲಿ ಉತ್ತರ ಅರ್ಧವೇ.

ಇಬ್ಬರಲ್ಲಿ ಯಾರು ಬೇಕಾದರೂ ಅಂಗಳಕ್ಕೆ ಬರಬಹುದಿತ್ತು. ಇಬ್ಬರೂ ಗಂಡಾಗಿರುವ ಮನೆಯಾದರೆ ನಿಮಗೆ ಹುಡುಗ ಕಾಣುವುದು ಖಚಿತ. ಒಂದು ಗಂಡು ಒಂದು ಹೆಣ್ಣಿನ ಮನೆಯಾದರೆ ಅರ್ಧ ಸಲ ಹುಡುಗಿ ಕಾಣುತ್ತಿದ್ದಳು. ಹಾಗಾಗಿ ಗಂಡು-ಹೆಣ್ಣು, ಹೆಣ್ಣು-ಗಂಡು ಎಂಬ ಎರಡು ಬಗೆಯ ಮನೆಗಳಿಗೆ ಅರ್ಧರ್ಧ ತೂಕ ಮಾತ್ರ. ಒಂದು, ಅರ್ಧ, ಅರ್ಧ ಕೂಡಿಸಿದರೆ ಎರಡು, ಅದರಲ್ಲಿ ಗಂಡು-ಗಂಡಿನ ಪಾಲು ಒಂದು.

1/3 ಬರಬೇಕಾದರೆ ಮಾಹಿತಿ ಬೇರೆ ದಾರಿಯಿಂದ ಬರಬೇಕು. ಇಬ್ಬರು ಮಕ್ಕಳಿರುವವರನ್ನೆಲ್ಲ ಕೂರಿಸಿ "ಒಬ್ಬ ಗಂಡುಮಗನಾದರೂ ಇದ್ದಾನೆಯೇ? ಹೌದು, ಇಲ್ಲ ಅಷ್ಟೇ ಹೇಳಿ" ಎಂದು ಕೇಳಿ, ಹೌದು ಎಂದವರಲ್ಲಿ ಒಬ್ಬರನ್ನು ಆರಿಸಿದರೆ 1/3. ತಮ್ಮ ಪ್ರಶ್ನೆಯ ಮಾತು ಎರಡರ್ಥಕ್ಕೆ ಎಡೆ ಕೊಡುತ್ತದೆ ಎಂದು ಗಾರ್ಡ್ನರ್ ಅವರೇ ಆಮೇಲೆ ಬರೆದರು.

ಕರಾವಳಿ ಓದುಗಿ:
2010ರಲ್ಲಿ ಗ್ಯಾರಿ ಫೋಶಿ ಇದಕ್ಕೆ ಮಂಗಳವಾರವನ್ನೂ ಸೇರಿಸಿದರು. ಇಬ್ಬರು ಮಕ್ಕಳು, ಒಬ್ಬನಾದರೂ ಮಂಗಳವಾರ ಹುಟ್ಟಿದ ಗಂಡು. ಇಬ್ಬರೂ ಗಂಡಾಗಿರುವ ಸಂಭವನೀಯತೆ 13/27! ಒಂದೊಂದು ಮಗುವಿಗೆ ಗಂಡು ಹೆಣ್ಣು ಮತ್ತು ಏಳು ವಾರ ಸೇರಿ 14 ಬಗೆ, ಇಬ್ಬರಿಗೆ 196. ಮಂಗಳವಾರದ ಗಂಡು ಇರುವ ಜೋಡಿಗಳು 27, ಅದರಲ್ಲಿ ಎರಡೂ ಗಂಡು 13. ಹುಟ್ಟಿದ ವಾರಕ್ಕೂ ಇನ್ನೊಂದು ಮಗು ಗಂಡೋ ಹೆಣ್ಣೋ ಎಂಬುದಕ್ಕೂ ಏನು ಸಂಬಂಧ ಎಂದು ನಾನು ಬಹಳ ಯೋಚಿಸಿದ್ದೇನೆ.

ಲೆಕ್ಕದ ಮೇಷ್ಟ್ರು:
ಸಂಬಂಧ ವಾರಕ್ಕಲ್ಲ, ಶೋಧಿಸುವ ಜರಡಿಗೆ. "ಮಂಗಳವಾರದ ಗಂಡುಮಗ ಇದ್ದಾನೆಯೇ" ಎಂಬ ಪ್ರಶ್ನೆಗೆ ಹೌದು ಎನ್ನಲು ಇಬ್ಬರು ಗಂಡುಮಕ್ಕಳಿರುವವರಿಗೆ ಹೆಚ್ಚುಕಡಿಮೆ ಎರಡು ಅವಕಾಶ, ಒಬ್ಬನೇ ಇರುವವರಿಗೆ ಒಂದು. ಆದ್ದರಿಂದ ಪ್ರಶ್ನೆ ಕಿರಿದಾದಷ್ಟೂ ಉತ್ತರ ಅರ್ಧಕ್ಕೆ ಹತ್ತಿರ ಸರಿಯುತ್ತದೆ. ತಾಯಿ ತಾನಾಗಿಯೇ ಇಬ್ಬರಲ್ಲಿ ಒಬ್ಬರ ವಿಷಯ ಎತ್ತಿ "ನನ್ನ ಮಗ ಮಂಗಳವಾರ ಹುಟ್ಟಿದ್ದು" ಎಂದರೆ, ಅವರು ಯಾರ ವಿಷಯ ಬೇಕಾದರೂ ಎತ್ತಬಹುದಿತ್ತು ಎಂದಿದ್ದರೆ, ಉತ್ತರ ಸರಿಯಾಗಿ ಅರ್ಧ.

ಹಾಸನದ ಹುಡುಗ:
ಸಂಭವನೀಯತೆ ಇಲ್ಲದ ಒಗಟಿನಲ್ಲೂ ಹೀಗಾಗುತ್ತದೆಯೇ? ಬರೀ ತರ್ಕದ್ದು?

ಮಲೆನಾಡಿಗ:
ಆಗುತ್ತದೆ. ಚೆರಿಲ್ ಹುಟ್ಟುಹಬ್ಬದ ಒಗಟು ನೋಡಿ. ಸಿಂಗಪುರದ ಶಾಲಾ ಮಕ್ಕಳ ಗಣಿತ ಒಲಿಂಪಿಯಾಡ್ ಪ್ರಶ್ನೆ, 2015ರ ಏಪ್ರಿಲ್‌ನಲ್ಲಿ ಫೇಸ್‌ಬುಕ್‌ನಿಂದ ಲೋಕವೆಲ್ಲ ಹಬ್ಬಿತು. ಚೆರಿಲ್ ತನ್ನ ಹುಟ್ಟಿದ ದಿನ ಈ ಹತ್ತರಲ್ಲಿ ಒಂದು ಎನ್ನುತ್ತಾಳೆ: ಮೇ 15, 16, 19, ಜೂನ್ 17, 18, ಜುಲೈ 14, 16, ಆಗಸ್ಟ್ 14, 15, 17. ಆಲ್ಬರ್ಟ್‌ಗೆ ತಿಂಗಳನ್ನು ಮಾತ್ರ, ಬರ್ನಾರ್ಡ್‌ಗೆ ತಾರೀಕನ್ನು ಮಾತ್ರ ಗುಟ್ಟಾಗಿ ಹೇಳುತ್ತಾಳೆ.

ಆಲ್ಬರ್ಟ್: "ನನಗೆ ಗೊತ್ತಿಲ್ಲ, ಬರ್ನಾರ್ಡ್‌ಗೂ ಗೊತ್ತಿಲ್ಲ ಎಂಬುದು ನನಗೆ ಗೊತ್ತು."
ಬರ್ನಾರ್ಡ್: "ಮೊದಲು ನನಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು."
ಆಲ್ಬರ್ಟ್: "ಹಾಗಾದರೆ ನನಗೂ ಗೊತ್ತಾಯಿತು."

ಪಟ್ಟಿಯಲ್ಲಿ 18 ಮತ್ತು 19 ಒಂದೊಂದೇ ಸಲ ಬರುತ್ತವೆ. ಬರ್ನಾರ್ಡ್ ಬಳಿ ಅವು ಇದ್ದಿದ್ದರೆ ಅವನಿಗೆ ಕೂಡಲೇ ಗೊತ್ತಾಗುತ್ತಿತ್ತು. ಹಾಗಿಲ್ಲ ಎಂದು ಆಲ್ಬರ್ಟ್ ಬರೀ ತಿಂಗಳು ನೋಡಿ ಖಚಿತವಾಗಿ ಹೇಳಬೇಕಾದರೆ ಆ ತಿಂಗಳು ಮೇ ಅಲ್ಲ, ಜೂನ್ ಅಲ್ಲ. ಉಳಿದದ್ದು ಜುಲೈ, ಆಗಸ್ಟ್. ಅಷ್ಟಕ್ಕೇ ಬರ್ನಾರ್ಡ್‌ಗೆ ಗೊತ್ತಾಯಿತು ಎಂದರೆ ಅವನದು 14 ಅಲ್ಲ, ಅದು ಎರಡೂ ತಿಂಗಳಲ್ಲಿದೆ. ಈಗ ಜುಲೈ 16, ಆಗಸ್ಟ್ 15, ಆಗಸ್ಟ್ 17. ಆಲ್ಬರ್ಟ್‌ಗೂ ಗೊತ್ತಾಯಿತು ಎಂದರೆ ಜುಲೈ 16.

ಧಾರವಾಡದವ:
ನಾ ಆಗಸ್ಟ್ 17 ಅಂತ ವಾದ ಮಾಡೋವ್ರನ್ನೂ ನೋಡೇನ್ರಿ. ಅವ್ರ ಹಂಗ್ಯಾಕ ಅಂತಾರ?

ಮಲೆನಾಡಿಗ:
ಅವರು ಆಲ್ಬರ್ಟ್‌ನ ಮಾತನ್ನು ಬೇರೆ ಥರ ಓದುತ್ತಾರೆ. ಬರ್ನಾರ್ಡ್‌ಗೆ ಗೊತ್ತಿಲ್ಲ ಎಂಬುದನ್ನು ಆಲ್ಬರ್ಟ್ ತಿಂಗಳಿನಿಂದ ತರ್ಕಿಸಿದ್ದಲ್ಲ, ಅದು ಅವನಿಗೆ ಹೇಗೋ ಮೊದಲೇ ತಿಳಿದಿತ್ತು ಎಂದು. ಹಾಗಾದರೆ ಮೇ, ಜೂನ್ ಪೂರ್ತಿ ಹೋಗುವುದಿಲ್ಲ, ಮೇ 19 ಮತ್ತು ಜೂನ್ 18 ಮಾತ್ರ ಹೋಗುತ್ತವೆ. ಆಮೇಲೂ ಆಲ್ಬರ್ಟ್‌ಗೆ ಗೊತ್ತಿಲ್ಲ, ಹಾಗಾಗಿ ಜೂನ್‌ನಲ್ಲಿ ಒಂಟಿಯಾಗಿ ಉಳಿದ 17 ಹೋಯಿತು. ಈಗ ಪಟ್ಟಿಯಲ್ಲಿ ಒಂದೇ ಸಲ ಬರುವ ತಾರೀಕು ಆಗಸ್ಟ್ 17.

ತರ್ಕ ಎರಡರಲ್ಲೂ ಗಟ್ಟಿಯಾಗಿದೆ. ಆದರೆ ಆಲ್ಬರ್ಟ್‌ಗೆ ಸಿಕ್ಕಿದ್ದು ತಿಂಗಳು ಒಂದೇ ಎಂದು ಒಗಟೇ ಹೇಳುತ್ತದೆ, ಬೇರೆ ಯಾರೂ ಅವನ ಕಿವಿಯಲ್ಲಿ ಏನೂ ಹೇಳಿಲ್ಲ. ಪರೀಕ್ಷೆ ನಡೆಸಿದವರ ಉತ್ತರವೂ ಜುಲೈ 16, ನನ್ನ ಮತವೂ ಅದಕ್ಕೇ.

ಲೆಕ್ಕದ ಮೇಷ್ಟ್ರು:
ಹಾಸನದವರಿಗೆ ಈಗ ನನ್ನ ಕಡೆಯಿಂದ ಒಂದು. ಇದೂ 1959ರ ಗಾರ್ಡ್ನರ್ ಅಂಕಣದ್ದೇ. ಅ, ಬ, ಕ ಎಂಬ ಮೂವರು ಕೈದಿಗಳಿಗೆ ಮರಣದಂಡನೆಯಾಗಿದೆ. ಚೀಟಿ ಎತ್ತಿ ಒಬ್ಬನಿಗೆ ಕ್ಷಮಾದಾನ ಕೊಟ್ಟಿದ್ದಾರೆ. ಯಾರಿಗೆ ಎಂದು ಜೈಲರ್‌ಗೆ ಗೊತ್ತು, ಹೇಳುವಂತಿಲ್ಲ. ಅ ಕೇಳುತ್ತಾನೆ: "ನನ್ನದು ಹೇಳಬೇಡಿ. ಬ, ಕ ಇಬ್ಬರಲ್ಲಿ ಗಲ್ಲಿಗೆ ಹೋಗುವ ಒಬ್ಬನ ಹೆಸರು ಹೇಳಿ. ಇಬ್ಬರೂ ಹೋಗುವವರಾದರೆ ಟಾಸ್ ಹಾಕಿ ಒಂದು ಹೆಸರು ಹೇಳಿ." ಜೈಲರ್ "ಬ" ಎನ್ನುತ್ತಾನೆ. ಉಳಿದವರು ನಾವಿಬ್ಬರೇ, ನನ್ನ ಅವಕಾಶ 1/3ರಿಂದ 1/2ಕ್ಕೆ ಏರಿತು ಎಂದು ಅ ಸಂತೋಷಪಡುತ್ತಾನೆ. ಸರಿಯೇ?

ಹಾಸನದ ಹುಡುಗ:
ಸರಿಯಲ್ಲ. ಇದು ಮೂರು ಬಾಗಿಲೇ. ಅ ಅಂದರೆ ನಾನು ಮೊದಲು ಆರಿಸಿದ ಬಾಗಿಲು, ಜೈಲರ್ ಅಂದರೆ ಗೊತ್ತಿರುವ ನಿರೂಪಕ. ಅ ಬದುಕುವುದು 1/3 ಹಾಗೇ ಉಳಿಯಿತು, ಕ ಬದುಕುವುದು 2/3 ಆಯಿತು. ಸಂತೋಷಪಡಬೇಕಾದವನು ಕ.

ಕೋಡ್ ಕಮಲ:
ಟಾಸ್ ಎಂದು ಮೇಷ್ಟ್ರು ಸುಮ್ಮನೆ ಬರೆದಿಲ್ಲ. ಅದನ್ನು ತೆಗೆದುಹಾಕಿ. ಇಬ್ಬರೂ ಗಲ್ಲಿಗೆ ಹೋಗುವವರಾದರೆ ಈ ಜೈಲರ್ ಯಾವಾಗಲೂ ಬ ಹೆಸರನ್ನೇ ಹೇಳುತ್ತಾನೆ, ಅದು ಅ ಗೆ ಗೊತ್ತು. ಈಗ ಏನಾಗುತ್ತದೆ ಹೇಳಿ?

ಹಾಸನದ ಹುಡುಗ:
ಕಾಗದದಲ್ಲಿ ಬರೆದು ನೋಡಿದೆ. ಅ ಗೆ ಕ್ಷಮಾದಾನವಾದರೂ ಅವನು "ಬ" ಎನ್ನುತ್ತಾನೆ, ಕ ಗೆ ಆದರೂ "ಬ" ಎನ್ನುತ್ತಾನೆ. ಎರಡಕ್ಕೂ ಸಮಾನ ತೂಕ. ಹಾಗಾಗಿ "ಬ" ಎಂದು ಕೇಳಿದಾಗ ಅ ಅವಕಾಶ ನಿಜಕ್ಕೂ 1/2! ಈ ಜೈಲರ್ ಮುಂದೆ ಅ ಸಂತೋಷಪಟ್ಟರೆ ಸರಿಯೇ. ಆದರೆ "ಕ" ಎಂದುಬಿಟ್ಟರೆ ಅ ಕಥೆ ಮುಗಿಯಿತು, ಏಕೆಂದರೆ ಅವನು "ಕ" ಎನ್ನುವುದು ಬ ಗೆ ಕ್ಷಮಾದಾನವಾಗಿದ್ದಾಗ ಮಾತ್ರ.

ಧಾರವಾಡದವ:
ಹಂಗಾರ ಕೇಳೂಕಿಂತ ಮೊದಲ ಅವನ ಅವಕಾಶ 1/3 ಇದ್ದದ್ದಕ್ಕ ಇದು ತಾಳೆ ಆಗ್ತದೇನ್ರಿ?

ಹಾಸನದ ಹುಡುಗ:
ಆಗುತ್ತದೆ ಅಣ್ಣ. "ಬ" ಎನ್ನುವ ಸಂಭವನೀಯತೆ 2/3, ಆಗ ಬದುಕುವುದು 1/2. "ಕ" ಎನ್ನುವುದು 1/3, ಆಗ ಸೊನ್ನೆ. ಗುಣಿಸಿ ಕೂಡಿಸಿದರೆ ಸರಿಯಾಗಿ 1/3.